ಚುಕ್ಕೆಯಷ್ಟು ಗಾಯ, ಗುಡ್ಡದಷ್ಟು ಸುಳ್ಳು

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ದೇಶದ ರಾಜಧಾನಿಯಲ್ಲಿರುವ ನಮ್ಮ ಕನ್ನಡ ಬಳಗದವರು ಮಾತ್ರ ನಂಬಿದರು. ಅದೇ ಫಜೀತಿ!

ಹೋದ ಚಳಿಗಾಲ ಅಮ್ಮನಿಗೆ ಗರ್ಭಕೋಶದ ಗಡ್ಡೆ ತೆಗೆಯುವ ಆಪರೇಷನ್ ಆಯಿತು. ಲ್ಯಾಪ್ರೋಸ್ಕೋಪಿ. ಹೊಟ್ಟೆ ಉದ್ದಕ್ಕೂ ಕುಯ್ಯುವುದಿಲ್ಲ, ಸಣ್ಣ ತೂತುಗಳಲ್ಲೇ ಕೆಲಸ ಮುಗಿಸುತ್ತಾರೆ. ಅಷ್ಟು ಹೊತ್ತು ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದ ನಡಿಗೆಗೆ ಮೈಸೂರೇ ಮುಟ್ಟಬಹುದಿತ್ತು! ಮಾರನೆಯ ದಿನ ಅಮ್ಮ ಎದ್ದು ಕೂತು ತಲೆ ಬಾಚಿಕೊಂಡಳು. ಅಲ್ಲೇ ಎಡವಟ್ಟಾಯಿತು.

ನೋಡಲು ಬಂದ ದ್ವಾರಕಾ ಬಡಾವಣೆಯ ಪದ್ಮಾ ಆಂಟಿ, ಬಳಗದ ಸರ್ವಾಧಿಕಾರಿ, ಗಾಯದ ಅಳತೆ ಕೇಳಿ ನಿರಾಶರಾದರು.

"ಅಯ್ಯೋ, ಇಷ್ಟೇನಾ? ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಊದುತ್ತೆ ಕಣೇ! ಅಚ್ಛಾ, ಸಂಕ್ರಾಂತಿ ಊಟಕ್ಕೆ ಪುಳಿಯೋಗರೆ ನಿಂದೇ ತಾನೇ?"

ಯಾರಿಗೂ ಇಲ್ಲವೆನ್ನಲು ಬಾರದ ಅಮ್ಮ, "ನೋಡೋಣ ಪದ್ಮಾ" ಎಂದಳು. ಭಾರ ಎತ್ತಬಾರದು, ಒಲೆ ಮುಂದೆ ನಿಲ್ಲಬಾರದು ಎಂದು ಡಾಕ್ಟರ್ ಗದರಿಸಿ ಹೇಳಿದ್ದರು. ಆದರೆ ಒಳಗಿನ ಗಾಯ ಯಾರಿಗೂ ಕಾಣುವುದಿಲ್ಲವಲ್ಲ! ಅದನ್ನು ಕಾಣಿಸುವ ಹೊಣೆಯನ್ನು ಹತ್ತನೇ ಕ್ಲಾಸಿನ ನಾನು, ಶಾಲಾ ನಾಟಕದ ಮಹಾನಟಿ, ಹೊತ್ತುಕೊಂಡೆ.

ಮಯೂರ್ ವಿಹಾರ್‌ನ ಮನೆಗೆ ಬಂದ ಮೇಲಿನ ಆ ದಿನಗಳನ್ನು ನೆನೆದರೆ ಈಗಲೂ ಆಸೆಯಾಗುತ್ತದೆ. ಒಂದೇ ರಜಾಯಿಯೊಳಗೆ ಮೂವರೂ ಕಾಲು ತೂರಿಸಿ ಕಿತ್ತಳೆ ಸುಲಿಯುತ್ತಿದ್ದೆವು. ಅಪ್ಪನ ಉಪ್ಪಿಟ್ಟಿನಿಂದ ಚಮಚ ಎತ್ತಿದರೆ ತಟ್ಟೆಯೂ ಜೊತೆಗೆ ಏಳುತ್ತಿತ್ತು. "ನಗಿಸ್ಬೇಡ್ರೀ, ಹೊಟ್ಟೆ ಎಳೆಯುತ್ತೆ!" ಎಂದು ಅಮ್ಮ ದಿಂಬು ಅವುಚಿಕೊಂಡು ನಗುತ್ತಿದ್ದಳು. ಅಷ್ಟು ಪುರುಸೊತ್ತಿನ ಅಮ್ಮ ನಮಗೆ ಮತ್ತೆ ಸಿಕ್ಕಿಲ್ಲ.

ಫೋನೆಲ್ಲ ನಾನೇ ಎತ್ತುತ್ತಿದ್ದೆ. ಬೆಳಗ್ಗೆಯ ಫೋನಿನಲ್ಲಿ ಅಮ್ಮನಿಗೆ ಏಳಲಾಗುತ್ತಿರಲಿಲ್ಲ. ಮಧ್ಯಾಹ್ನದ ಫೋನಿನಲ್ಲಿ ಮಾತೂ ನಿಂತಿತ್ತು. ಸಂಜೆಗೆ ಅವಳಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ!

ಭಾನುವಾರ ಇಡೀ ಬಳಗ ನಮ್ಮ ಹಾಲ್‌ನಲ್ಲಿ! ಎಳನೀರು, ಸೇಬು, ಪದ್ಮಾ ಆಂಟಿಯ ಕಣ್ಣೀರು. ನಾನು ಬೆಡ್‌ರೂಮಿನ ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಮಲಗಿದ್ದದ್ದು ರಜಾಯಿ ಮಾತ್ರ. ಅಮ್ಮ ಡಾಕ್ಟರ್ ಹೇಳಿದ ವಾಕಿಂಗ್‌ಗೆ ಹೋಗಿದ್ದಳು.

"ಶ್... ಅಮ್ಮಂಗೆ ಈಗಷ್ಟೇ ಜೊಂಪು ಹತ್ತಿದೆ ಆಂಟಿ. ಗಂಜಿನೂ ಇಳೀತಿಲ್ಲ."

"ಪಾಪ! ಪುಳಿಯೋಗರೆ ಹಾಳಾಗ್ಲಿ ಬಿಡು." ಆಂಟಿ ಮೂಗೊರೆಸಿಕೊಂಡರು. ಗೆದ್ದೆ!

ಮುಂಬಾಗಿಲು ತೆರೆಯಿತು. ಸ್ಪೋರ್ಟ್ಸ್ ಶೂ, ಮಂಕಿ ಕ್ಯಾಪ್, ಕೈಯಲ್ಲಿ ಗೆಣಸಿನ ಚಾಟ್‌ನ ದೊನ್ನೆ. ಅಮ್ಮ!

"ಚಾಟ್ ಭಯ್ಯಾ ಇವತ್ತು ನಿಂಬೆಹಣ್ಣು ಸಖತ್ತಾಗಿ ಹಿಂಡಿದಾನೆ ಕಣೇ..."

ಆಂಟಿ ದೊನ್ನೆ ನೋಡಿದರು. ನನ್ನನ್ನು ನೋಡಿದರು. "ಚಲೋ, ಪುಳಿಯೋಗರೆ ಪಕ್ಕಾ!"

ಅಮ್ಮ ಜೀವನದಲ್ಲಿ ಮೊದಲ ಸಲ ಇಲ್ಲವೆಂದಳು.

"ಡಾಕ್ಟರ್ ನಡಿ ಅಂದಿದಾರೆ ಪದ್ಮಾ, ಅಡುಗೆ ಮಾಡು ಅಂದಿಲ್ಲ. ಇವಳಿದಾಳಲ್ಲ, ಫೋನಲ್ಲಿ ಹೇಳೋದೆಲ್ಲ ಕೇಳಿಸ್ಕೊಂಡಿದೀನಿ, ಬಾಯಲ್ಲೇ ಇಷ್ಟು ಮಸಾಲೆ ಅರೀತಾಳೆ. ಇವಳೇ ಮಾಡ್ಲಿ!"

ಅಲ್ಲಿಯವರೆಗೆ ನಾನು ಒಲೆ ಮೇಲೆ ಇಟ್ಟಿದ್ದು ಬರೀ ನೀರು. ಅದೂ ಸೀದಿತ್ತು.