ಹುಳುಗಳಿಗೆ ಜ್ವರ, ಚಲಪತಿಗೆ ಜಗಲಿ

ಮೇಲೂರಿನ ಚಲಪತಿಗೆ ಈ ಲೋಕದಲ್ಲಿ ಯಾರನ್ನು ಕಂಡರೂ ಹೊಟ್ಟೆಕಿಚ್ಚಿರಲಿಲ್ಲ, ಹೆಂಡತಿ ಜ್ಯೋತಿಲಕ್ಷ್ಮಿ ಸಾಕುವ ರೇಷ್ಮೆಹುಳುಗಳನ್ನು ಬಿಟ್ಟು. ಅವು ಹಗಲಲ್ಲಿ ಮಲಗಿದರೆ ಬೀದಿಗೆ ಬೀದಿಯೇ ದನಿ ತಗ್ಗಿಸುತ್ತಿತ್ತು. ಇವನು ಮಲಗಿದರೆ ಅದೇ ಬೀದಿ ಬಂದು ಎಬ್ಬಿಸಿ ಯೋಗಕ್ಷೇಮ ವಿಚಾರಿಸುತ್ತಿತ್ತು.

ಚಲಪತಿಗೆ ಸೋಪಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಅವನು ಬಸ್ಸಿಳಿದರೆ ಮಲ್ಲಿಗೆ, ಗಂಧ, ನಿಂಬೆ ಮೂರೂ ಒಟ್ಟಿಗೆ ಘಮ್ಮೆನ್ನುತ್ತಿದ್ದವು (ಮೂಗು ಮುಚ್ಚಿಕೊಂಡವರಿಗೂ ಅವನು ಬಂದದ್ದು ತಿಳಿಯುತ್ತಿತ್ತು). ಕಳೆದ ವಾರ ನಿಂತಲ್ಲೇ ತೂಕಡಿಸಿ, ಸೋಪಿಗೆ ಅಂಟಿಸಬೇಕಾದ ಲೇಬಲ್ಲನ್ನು ತನ್ನ ಮೊಣಕೈಗೆ ಅಂಟಿಸಿಕೊಂಡಿದ್ದ. "ಇನ್ನೊಂದ್ಸಲ ತೂಕಡಿಸಿದ್ರೆ ಮನೇಲೇ ಮಲಕ್ಕೊಳಪ್ಪಾ, ಇಲ್ಲಿಗೆ ಬರೋದೇ ಬೇಡ" ಎಂದಿದ್ದರು ಸೂಪರ್‌ವೈಸರ್. ಕಂಪನಿ ಡಾಕ್ಟರು ಕತ್ತಲೆ ಕೋಣೆ, ಗದ್ದಲವಿಲ್ಲದ ನಿದ್ದೆ, ಉಲ್ಲಾಸದ ಮನಸ್ಸು ಮೂರನ್ನೂ ಬರೆದುಕೊಟ್ಟರು. ಇವು ಯಾವ ಅಂಗಡಿಯಲ್ಲಿ ಸಿಗುತ್ತವೆಂದು ಮಾತ್ರ ಹೇಳಲಿಲ್ಲ.

ಮನೆಯಲ್ಲಂತೂ ಸಿಗುತ್ತಿರಲಿಲ್ಲ. ಅವನು ಕಣ್ಣು ಮುಚ್ಚುವುದನ್ನೇ ಕಾದಿದ್ದು ತಾಯಿ ಓಬಳಮ್ಮ ಒಣಮೆಣಸಿನಕಾಯಿ ಹುರಿಯಲು ಕೂರುತ್ತಿದ್ದಳು. ಆ ಘಾಟಿಗೆ ಕೆಮ್ಮಿ ಕೆಮ್ಮಿ ಸುಸ್ತಾಗಿ ಇನ್ನೇನು ಜೊಂಪು ಹತ್ತಿತು ಅನ್ನುವಾಗ ಎದುರುಮನೆ ಎರ್ರಪ್ಪ ಕಿಟಕಿಯಲ್ಲಿ ಮುಖ ತೂರಿಸುತ್ತಿದ್ದ.

"ಏಮಯ್ಯಾ ಚಲಪತೀ, ನಿದ್ದೆ ಬಂತಾ?"

"ಬಂದಿತ್ತು ಎರ್ರಪ್ಪಣ್ಣ. ಈಗ ತಾನೇ ಹೋಯ್ತು."

"ಹಂಗಾಗ್ಬಾರ್ದಪ್ಪಾ. ನಿದ್ದೆ ಕೆಟ್ರೆ ಬಿಪಿ ಬರ್ತೈತೆ" ಎಂದು ಎರ್ರಪ್ಪ ನಿದ್ದೆಯ ಮಹತ್ವವನ್ನು ಊಟದ ಹೊತ್ತಿನವರೆಗೂ ವಿವರಿಸುತ್ತಿದ್ದ. ಚಲಪತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು, ಆದರೆ ಅದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಹಿತ್ತಲಿನ ಹುಳುಮನೆಯ ವೈಭವವೇ ಬೇರೆ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಒಂದು ದಿನವೆಲ್ಲ ಅಲ್ಲಾಡದೆ ಮಲಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಹೊರಗಿನವರು ಹತ್ತಿರ ಸುಳಿಯುವಂತಿಲ್ಲ, ಒಗ್ಗರಣೆಯ ಘಾಟಿಲ್ಲ, ಊದುಬತ್ತಿಯಿಲ್ಲ, ಗದ್ದಲವಿಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ತಂಪು ಮಾಡುತ್ತಿದ್ದಳು ಜ್ಯೋತಿಲಕ್ಷ್ಮಿ. ಡಾಕ್ಟರು ಬರೆದುಕೊಟ್ಟದ್ದೆಲ್ಲ ಹುಳುಗಳಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು!

ಒಂದು ಸಂಜೆ ಅವಳು ಪೇಚಾಡಿಕೊಂಡಳು. "ಹುಳ ದೊಡ್ಡವಾದ್ವು ಕಣ್ರೀ. ಹುಳುಮನೇಲಿ ಜಾಗಾನೇ ಸಾಲ್ತಿಲ್ಲ. ನಾಳೆ ಜ್ವರಕ್ಕೆ ಕೂರ್ತವೆ, ಹುಳದ ತಟ್ಟೆಗಳನ್ನ ಎಲ್ಲಿಡ್ಲಿ?"

ಚಲಪತಿಯ ಮಿದುಳಿನಲ್ಲಿ ಬಹಳ ದಿನಗಳ ಮೇಲೆ ದೀಪ ಹತ್ತಿತು. "ನಮ್ಮ ಮಲಗೋ ಕೋಣೇಲಿಡು."

"ನಿಜವಾಗ್ಲೂನಾ?"

"ಹೆಂಡತಿ ಕಷ್ಟಕ್ಕಾಗದ ಗಂಡ ಯಾಕೆ ಕಣೇ?" (ಹುಳುಗಳ ಪಕ್ಕ ಮಲಗಿದರೆ ಅವುಗಳ ಮರ್ಯಾದೆಯಲ್ಲಿ ತನಗೂ ಒಂದು ಪಾಲು ಸಿಗುತ್ತದೆಂಬುದು ಅವನ ಒಳಗಿನ ಲೆಕ್ಕ.) ಕಣ್ಣು ಒದ್ದೆ ಮಾಡಿಕೊಂಡ ಜ್ಯೋತಿಲಕ್ಷ್ಮಿ, ಅವನು ಪಾಳಿಗೆ ಹೊರಡುವ ಮುಂಚೆಯೇ ಕೋಣೆ ತೊಳೆಯಲು ಶುರು ಮಾಡಿದಳು.

ಮರುದಿನ ಬೆಳಿಗ್ಗೆ ಬಂದರೆ, ಬೀದಿ ಮೌನವಾಗಿತ್ತು. ಒಲೆಯ ಮೇಲೆ ಬಾಣಲೆಯಿರಲಿಲ್ಲ. ಎರ್ರಪ್ಪ ತನ್ನ ಮನೆ ಬಾಗಿಲಲ್ಲೇ ನಿಂತು ಬರೀ ಕೈಯೆತ್ತಿ ನಮಸ್ಕಾರ ಮಾಡಿದ. ಚಲಪತಿಗೆ ಅಳುವೇ ಬಂತು. ಚಪ್ಪಲಿ ಕೈಯಲ್ಲಿ ಹಿಡಿದು ಕೋಣೆಯ ಬಳಿ ಹೋದ. ಬಾಗಿಲಿಗೆ ಅಡ್ಡಲಾಗಿ ಜ್ಯೋತಿಲಕ್ಷ್ಮಿ ನಿಂತಿದ್ದಳು.

"ಎಲ್ಲಿಗೆ?" ಎಂದಳು ಪಿಸುದನಿಯಲ್ಲಿ.

"ಮಲಗಕ್ಕೆ!"

"ಅಯ್ಯೋ, ನಿಮ್ಮ ಮೈಯೆಲ್ಲ ಸೋಪಿನ ವಾಸನೆ. ಹುಳಕ್ಕೆ ಆಗ್ಬರಲ್ಲ ರೀ."

"ಸ್ನಾನ ಮಾಡಿ ಬರ್ತೀನಿ ಕಣೇ."

"ಯಾವುದ್ರಲ್ಲಿ? ಮನೇಲಿರೋದೂ ನೀವು ತಂದ ಸೋಪೇ."

"ಸೋಪಿಲ್ದೇ ಮಾಡ್ತೀನಿ!"

ಮಾಡಿದ. ಕಡಲೆಹಿಟ್ಟು ಹಚ್ಚಿ ಉಜ್ಜಿದ, ಬೂದಿ ಹಚ್ಚಿ ಉಜ್ಜಿದ. ವರ್ಷಗಳಿಂದ ಚರ್ಮಕ್ಕಿಳಿದ ಮಲ್ಲಿಗೆ ಜಗ್ಗಲಿಲ್ಲ. ಓಬಳಮ್ಮ ಅವನ ಕತ್ತಿನ ಬಳಿ ಮೂಗಿಟ್ಟು ತಲೆಯಾಡಿಸಿದಳು. "ಮದುವೆ ಮನೆ ಹಂಗೇ ಐತಲ್ಲೋ. ಜಗಲಿ ಮೇಲೆ ಮಲಕ್ಕೊಳಪ್ಪಾ."

"ಹುಳ ಹಣ್ಣಾಗಿ ಗೂಡು ಕಟ್ಟೋವರ್ಗೂ ಅಷ್ಟೇ ರೀ" ಎಂದಳು ಜ್ಯೋತಿಲಕ್ಷ್ಮಿ, ದಿಂಬು ಕೈಗಿಡುತ್ತಾ. "ಕೋಣೆ ಕೊಡೋಕೆ ಎಷ್ಟು ದೊಡ್ಡ ಮನಸ್ಸು ನಿಮ್ದು!"

ದೊಡ್ಡ ಮನಸ್ಸಿನ ಚಲಪತಿ ಜಗಲಿಯ ಮೇಲೆ ಬಿದ್ದುಕೊಂಡ. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಆದರೂ ಬೀದಿ ಮೌನವಾಗಿತ್ತಲ್ಲ, ಅಷ್ಟೇ ಸಾಕಾಯಿತು. ರೆಪ್ಪೆ ಕೂಡಿದವು, ಕೈಕಾಲು ಸಡಿಲವಾದವು. ಎಷ್ಟೋ ತಿಂಗಳ ಮೇಲೆ ನಿಜವಾದ ನಿದ್ದೆ ಬಂದೇ ಬಂತು.

ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಎರ್ರಪ್ಪ, ತುಟಿಯ ಮೇಲೆ ಬೆರಳಿಟ್ಟುಕೊಂಡು ಬಗ್ಗಿದ್ದಾನೆ. ಹಿಂದೆ ಜ್ಯೋತಿಲಕ್ಷ್ಮಿ ಕೈ ಮುಗಿದು ನಿಂತಿದ್ದಾಳೆ.

"ಗೊರಕೆ ಹೊಡೀಬೇಡಪ್ಪಾ" ಎಂದ ಎರ್ರಪ್ಪ, ಕಿವಿಯಲ್ಲಿ. "ಒಳಗೆ ಹುಳ ಮಲಗವೆ."

ಚಲಪತಿ ಎದ್ದು ಕೂತ. ಪಾಳಿಯ ಬಸ್ಸು ಬರುವವರೆಗೂ, ಗೊರಕೆ ಬಂದೀತೆಂಬ ಭಯದಲ್ಲಿ, ತನ್ನ ಕೋಣೆಗೆ ತಾನೇ ಕಾವಲಾಗಿ ಕೂತೇ ಇದ್ದ.