ಅನುಸೂಯಮ್ಮನವರ ಹಲ್ಲು ಮತ್ತು ಕೊಬ್ಬರಿ ಋತು

ಅರಸೀಕೆರೆಯ ಸಾರ್ವಜನಿಕ ಈಜುಕೊಳದಲ್ಲಿ ೧೯೯೮ನೇ ಇಸವಿಯ ಬೇಸಿಗೆಯು, ಜಲವಿನೋದ ಸಮಿತಿಯ ಆದೇಶದ ಮೇರೆಗೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮುಕ್ತಾಯಗೊಂಡಿತು. ಸಮಿತಿಯ ಅಧ್ಯಕ್ಷ ಸಿದ್ದಬಸಪ್ಪನವರ ಕೊಬ್ಬರಿ ಲಾರಿ ಬಂದು ನಿಂತಿತ್ತು. ಕೊಬ್ಬರಿ ತುಂಬಿಡಲು ಬೀಗವಿರುವ, ಒದ್ದೆಯಾಗದ ಜಾಗವೆಂದರೆ ಈಜುವವರ ಲಾಕರುಗಳೇ. ಆದಕಾರಣ ಈಜಿನ ಋತು ಮುಗಿದು ಕೊಬ್ಬರಿ ಋತು ಆರಂಭವಾಯಿತು.

ಆ ಹೊತ್ತಿನಲ್ಲಿ ಹೆಡ್‌ಮಿಸ್ ಅನುಸೂಯಮ್ಮನವರು ನೀರಿನಲ್ಲಿದ್ದರು. ಪುಣ್ಯಕ್ಕೆ ಸೀರೆ ಗೂಟದ ಮೇಲಿತ್ತು. ಕಟ್ಟಿಸಿದ ಹಲ್ಲು ಮಾತ್ರ ಲಾಕರಿನಲ್ಲಿತ್ತು. ಸಂಜೆ ಅವರ ನಿವೃತ್ತಿಯ ಬೀಳ್ಕೊಡುಗೆ. ಕನ್ನಡದ ಶುದ್ಧ ಉಚ್ಚಾರಣೆ ಕುರಿತು ಅವರು ಎರಡು ಗಂಟೆಯ ಭಾಷಣ ಉರುಹೊಡೆದಿದ್ದರು.

ಅವರು ಸೀರೆ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಅಟೆಂಡರ್ ಬೋರಯ್ಯ ಲಾಕರಿಗೆ ಅರಗು ಹಾಕಿ ಮುದ್ರೆ ಒತ್ತಿಯಾಗಿತ್ತು. ಬೋರಯ್ಯ ಅವರ ಹಳೆಯ ಶಿಷ್ಯ.

"ಒಳಗೇನೈತೆ ಅಂತ ಸ್ಪಷ್ಟವಾಗಿ ಬಾಯಲ್ಲೇ ಹೇಳ್ಬೇಕು ಮೇಡಮ್ಮೋರೆ. ರೂಲ್ಸು."

"ಹಲ್ಲಿನ ಫೆಟ್ಟು ಕಣೋ!" ಹಲ್ಲಿಲ್ಲದ ಬಾಯಿಂದ ಸೆಟ್ಟು ಹಾಗೆ ಹೊರಟಿತು.

"ಪೆಟ್ಟಾ? ಅದನ್ನೆಲ್ಲ ಸ್ಕೂಲಲ್ಲೇ ಕೊಟ್ಟಿದ್ರಲ್ಲ. ಇಲ್ಲೂ ಒಸಿ ಮಡಗಿದೀರಾ?"

ಅನುಸೂಯಮ್ಮನವರು ಸಿಟ್ಟಿನಿಂದ ಚೀಟಿಯಲ್ಲಿ ಬರೆದು ಕೊಟ್ಟರು. ಬೋರಯ್ಯ ಅದನ್ನು ವಿನಯದಿಂದ ಹಿಂದಿರುಗಿಸಿದ. "ಬರೆದು ಕೊಡೋದು ಈಜಿನ ಋತುವಿನಲ್ಲಿ ಮಾತ್ರ."

ಸಿದ್ದಬಸಪ್ಪನವರು ಲಾರಿಯ ಬಳಿಯಿಂದ ಬಂದು ಚೀಟಿ ಓದಿ ತೀರ್ಪು ಕೊಟ್ಟರು: "ನೋಡಿ ಮೇಡಂ, ನಮ್ಮ ತಾಲ್ಲೂಕಿನ ಊಟ ಮುದ್ದೆ. ನುಂಗೋದಕ್ಕೆ ಹಲ್ಲು ಯಾಕ್ರೀ? ಇದು ತುರ್ತು ಅನ್ನಿಸ್ಕೊಳಲ್ಲ. ಮುಂದಿನ ಬೇಸಿಗೆಗೆ ಬನ್ನಿ."

ಸಂಜೆ ಅನುಸೂಯಮ್ಮನವರು ಅಳು ನುಂಗಿಕೊಂಡು ವೇದಿಕೆ ಹತ್ತಿದರು. ಸಭೆ ಎಂದಿನಂತೆ ನಿದ್ದೆಗೆ ಅಣಿಯಾಯಿತು. ಅವರು ಮೈಕು ಹಿಡಿದು, "ಎಲ್ಲರೂ ಫುಕವಾಗಿರಿ," ಎಂದು ಕುಳಿತುಬಿಟ್ಟರು.

ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಮಕ್ಕಳು ಸಿಳ್ಳೆ ಹೊಡೆದರು. ಅಧ್ಯಕ್ಷತೆ ವಹಿಸಿದ್ದ ಸಿದ್ದಬಸಪ್ಪನವರು ಕಣ್ಣೊರೆಸಿಕೊಂಡರು. ಅನುಸೂಯಮ್ಮನವರಿಗೂ ನಗು ತಡೆಯಲಾಗಲಿಲ್ಲ. ಬೊಚ್ಚುಬಾಯಿ ಪೂರ್ತಿ ತೆರೆದು ನಕ್ಕರು. ಅವರು ನಗುವುದನ್ನು ಊರು ಅಂದೇ ಮೊದಲು ನೋಡಿದ್ದು.

ಮರುದಿನವೇ ಸಮಿತಿ ನಿಯಮ ಹೊರಡಿಸಿತು: "ಸಾರ್ವಜನಿಕ ಸಭೆಗಳಲ್ಲಿ ಮಾತನಾಡುವ ಗಣ್ಯರು ತಮ್ಮ ಹಲ್ಲನ್ನು ಮುಂಚಿತವಾಗಿ ಲಾಕರಿನಲ್ಲಿ ಇಡತಕ್ಕದ್ದು. ಸ್ವಂತ ಹಲ್ಲುಳ್ಳವರು ವಿಶೇಷ ಅನುಮತಿ ಪಡೆಯತಕ್ಕದ್ದು. ಬಾಡಿಗೆ ಪ್ರತ್ಯೇಕ."

ಯಾರೂ ಆಕ್ಷೇಪಿಸಲಿಲ್ಲ. ಮುಂದಿನ ಸಭೆಗೆ ಪಕ್ಕದೂರು ಗಂಡಸಿಯಿಂದ ಬಂದ ಮುಖ್ಯ ಅತಿಥಿಗಳು ಬೋರಯ್ಯನ ಕೈಗೆ ಹಲ್ಲು ಕೊಟ್ಟು, ರಸೀದಿ ಜೇಬಿಗಿಟ್ಟುಕೊಂಡು, ಗಂಭೀರವಾಗಿ ವೇದಿಕೆ ಹತ್ತಿದರು.