ರೆಕ್ಕೆ ಅತ್ತೆ ಹಾರಿದ್ದಕ್ಕೆ ಸಾಕ್ಷಿ ಇದೆ, ಗುಬ್ಬಿ ಹಾರಿದ್ದಕ್ಕೆ ಇಲ್ಲ

ಟಿವಿ ನೋಡಿ ಮಕ್ಕಳು ಹಾರುವುದನ್ನು ತಡೆಯಲೆಂದೇ ಸ್ಥಾಪಿತವಾದ ಅನುಕರಣೆ ನಿಯಂತ್ರಣ ಕಚೇರಿಯ ದಾಖಲೆಗಳ ಪ್ರಕಾರ, ಕಳೆದ ಒಂಬತ್ತು ವರ್ಷಗಳಲ್ಲಿ ಒಂದೇ ಒಂದು ಮಗುವೂ ಟಿವಿ ನೋಡಿ ಹಾರಿಲ್ಲ.

ಕಚೇರಿ ಹೊರಗಿನ ಬೆಂಚಿನ ಮೇಲೆ ಮಾತ್ರ ದಿನಾ ಇಪ್ಪತ್ತು ಮೂವತ್ತು ಮಕ್ಕಳು ಕೂತಿರ್ತಾವೆ. ಕೈಗೆ ಪ್ಲಾಸ್ಟರು, ಕಾಲಿಗೆ ಪ್ಲಾಸ್ಟರು, ಒಬ್ಬನಿಗಂತೂ ಮೂಗಿಗೇ ಪ್ಲಾಸ್ಟರು. ಎಲ್ಲಾ ‘ರೆಕ್ಕೆ ಅತ್ತೆ’ ಧಾರಾವಾಹಿಯ ಭಕ್ತರು. ರೆಕ್ಕೆ ಅತ್ತೆ ಅಂದ್ರೆ ದಿನಾ ಸಂಜೆ ಆರಕ್ಕೆ ಹೆಗಲಿಗೆ ಬೆಡ್‌ಶೀಟ್ ಕಟ್ಕೊಂಡು ಮಹಡಿಯಿಂದ ಹಾರಿ, ಕರೆಕ್ಟಾಗಿ ಕಳ್ಳರ ಮೇಲೇ ಇಳಿಯೋ ಹೆಂಗಸು. ಆದ್ರೆ ನಿಯಮ ಹದಿನಾಲ್ಕು ಏನು ಹೇಳುತ್ತೆ ಅಂದ್ರೆ, ಮಗು ಹಾರಿದ್ದನ್ನು ತಂದೆಯೋ ತಾಯಿಯೋ ಸ್ವಂತ ಕಣ್ಣಿಂದ ನೋಡಿರತಕ್ಕದ್ದು. ನೋಡಿದೋರು ಯಾರೂ ಇಲ್ವಲ್ಲ. ಒಬ್ಬರು ಫೋನ್ ನೋಡ್ತಿದ್ರು, ಒಬ್ಬರು ಸ್ನಾನಕ್ಕೆ ಹೋಗಿದ್ರು, ಮಿಕ್ಕೋರೆಲ್ಲ ರೆಕ್ಕೆ ಅತ್ತೇನೇ ನೋಡ್ತಿದ್ರು. ಹಾಗಾಗಿ ಧಾರಾವಾಹಿ ಮೇಲೆ ಅವರು ಕೊಡೋ ದೂರಿನ ಅರ್ಜಿಯೆಲ್ಲ ‘ತಿರಸ್ಕೃತ’. ಆ ಮೊಹರು ಒತ್ತೋದು ದೂರು ವಿಭಾಗದ ಗುಮಾಸ್ತೆ ಕೆಲಸ. ಒತ್ತೀ ಒತ್ತೀ ಅವಳ ಹೆಬ್ಬೆರಳು ಚಪ್ಪಟೆ ಆಗಿಹೋಗಿತ್ತು.

ಹೀಗಿರುವಾಗ ಒಂದು ಮಂಗಳವಾರ ಗುಮಾಸ್ತೆಯ ಸ್ವಂತ ಮಗಳು, ಆರು ವರ್ಷದ ಗುಬ್ಬಿ, ಬೀರು ಮೇಲಿಂದ ಹಾರಿ ಎಡಗೈ ಮುರ್ಕೊಂಡ್ಲು. ಗುಮಾಸ್ತೆ ಅದೇ ರೂಮಲ್ಲೇ, ಬೀರುವಿಂದ ನಾಲ್ಕು ಹೆಜ್ಜೆ ದೂರದಲ್ಲೇ ಕೂತಿದ್ಲು. ಬೆನ್ನು ಬೀರು ಕಡೆಗಿತ್ತು, ಅಷ್ಟೆ.

ಮುಂದಿನ ವಾರ ಅತ್ತೆ ನೀರಿನ ಟ್ಯಾಂಕ್ ಮೇಲಿಂದ ಹಾರ್ತಾಳೆ ಅಂತ ಗಂಟೆಗೊಂದ್ಸಲ ಜಾಹೀರಾತು ಬೇರೆ. ಇವರ ನಾಲ್ಕಂತಸ್ತಿನ ಕಟ್ಟಡದ ಮೇಲೂ ಒಂದು ಟ್ಯಾಂಕಿತ್ತು, ಏಣಿ ಸಮೇತ. ಆ ಏಣಿಗೆ ಎಷ್ಟು ಮೆಟ್ಟಿಲು ಅಂತ ಗುಬ್ಬಿ ಆಸ್ಪತ್ರೆಯಲ್ಲೇ ವಿಚಾರಿಸಿದ್ಲು. ಗುಮಾಸ್ತೆ ಧಾರಾವಾಹಿ ನಿಲ್ಲಿಸಬೇಕು ಅಂತ ತಾನೇ ಅರ್ಜಿ ಬರೆದು, ತಾನೇ ಸ್ವೀಕರಿಸಿ, ನಿಯಮ ನಿಯಮವೇ ಅಂತ ತಾನೇ ತಿರಸ್ಕೃತ ಒತ್ತಿ, ಆಮೇಲೆ ಕಣ್ಣೊರೆಸ್ಕೊಂಡು ದೊಡ್ಡ ಸಾಹೇಬರ ಮುಂದೆ ನಿಂತ್ಲು.

“ಅಲ್ಲೇ ಇದ್ಯಲ್ಲಮ್ಮ, ನೋಡ್ಲಿಲ್ವಾ?” ಅಂದ್ರು ಸಾಹೇಬರು.

“ಇಲ್ಲ ಸಾರ್. ಅತ್ತೆ ಆಗ ತಾನೇ ಇಳೀತಿದ್ಲು.”

“ಇಳಿದ್ಲಾ?”

“ಇಳಿದ್ಲು ಸಾರ್. ಪೊಲೀಸ್ ಜೀಪ್ ಮೇಲೆ.”

ಸಾಹೇಬರು ನಿಟ್ಟುಸಿರು ಬಿಟ್ರು. ಆವತ್ತು ಮೀಟಿಂಗ್ ಇತ್ತಂತೆ, ಅವರಿಗೆ ನೋಡೋಕಾಗಿರಲಿಲ್ಲ.

ತಕ್ಷಣ ಇನ್ನೊಂದು ಮೀಟಿಂಗ್ ಕರೆದ್ರು. ಅಪ್ಪ-ಅಮ್ಮ ಮಕ್ಕಳ ಮುಖ ನೋಡಲ್ಲ, ಟಿವಿ ಮುಖ ನೋಡ್ತಾರೆ, ಏನ್ ಮಾಡೋದು ಅಂತ ಮೂರು ಗಂಟೆ ಚರ್ಚೆ ಆಯ್ತು. ಕೊನೆಗೆ ಪ್ರಕಟಣೆ ಹೊರಟಿತು:

‘ಪೋಷಕರ ಗಮನವನ್ನು ಮಕ್ಕಳತ್ತ ಸೆಳೆಯುವ ಸಲುವಾಗಿ, ಪ್ರತಿ ಮನೆಯಲ್ಲೂ ಕ್ಯಾಮೆರಾ ಅಳವಡಿಸಿ, ಸಂಜೆ ಆರರಿಂದ ಆರೂವರೆಯವರೆಗೆ ದಿನಕ್ಕೊಂದು ಮನೆಯ ಮಕ್ಕಳನ್ನು ಟಿವಿಯಲ್ಲಿ ನೇರಪ್ರಸಾರ ಮಾಡಲಾಗುವುದು. ರೆಕ್ಕೆ ಅತ್ತೆಯು ಆರೂವರೆಗೆ ಹಾರತಕ್ಕದ್ದು.’

ಯಾರ ಮನೆ ಅಂತ ಮೊದಲೇ ಹೇಳೋ ಹಾಗಿಲ್ಲ. ಹೇಳಿದ್ರೆ ಜನ ಕಿಟಕಿಗೆಲ್ಲ ಹೊಸ ಪರದೆ ಹಾಕ್ಕೋತಾರೆ. ಕ್ಯಾಮೆರಾ ಗುತ್ತಿಗೆ ಸಾಹೇಬರ ಭಾಮೈದನಿಗೆ ಸಿಕ್ತು. ಅವನದ್ದು ಪಂಚರ್ ಅಂಗಡಿ, ಅನುಭವಸ್ಥ.

ಶುಕ್ರವಾರ ಸಂಜೆ ಗುಮಾಸ್ತೆ ಟಿವಿ ಮುಂದೆ ಕೂತ್ಲು. ಯಾವುದೋ ಮನೆ ಬರ್ತಿತ್ತು. ಒಂದು ಪುಟ್ಟ ಹುಡುಗಿ ತಲೆ ಮೇಲಿಂದ ಬೆಡ್‌ಶೀಟ್ ಹೊದ್ದು ಬೀರು ಹತ್ತುತ್ತಿದ್ಲು. ಒಂದು ಕೈಗೆ ಪ್ಲಾಸ್ಟರು. ಕೆಳಗಡೆ ಯಾವಳೋ ಒಬ್ಬಳು ಬೆನ್ನು ಹಾಕಿ ಟಿವಿ ನೋಡ್ತಾ ಕೂತಿದ್ಲು. ಗುಮಾಸ್ತೆಗೆ ಮೈಯೆಲ್ಲ ಉರಿದುಹೋಯ್ತು. ಇಂಥೋರಿಗೆಲ್ಲ ಮಕ್ಕಳು ಯಾಕೆ ಬೇಕು ಅಂತ ಬೈಕೊಂಡು ಮಗಳನ್ನ ಕೂಗಿದ್ಲು.

“ಗುಬ್ಬೀ, ಬೇಗ ಬಾರೇ, ಟಿವಿಯಲ್ಲಿ ನಿನ್ನ ಥರಾನೇ ಒಬ್ಬಳು ಬರ್ತಿದ್ದಾಳೆ.”

“ಬಂದೆ ಅಮ್ಮಾ,” ಅಂತು ಬೀರು ಮೇಲಿಂದ ದನಿ.

ಗುಬ್ಬಿಗೆ ಒಂದು ಗೀರೂ ಆಗಲಿಲ್ಲ, ನೇರವಾಗಿ ಅಮ್ಮನ ಮೇಲೇ ಇಳಿದ್ಲಲ್ಲ. ಮುರಿದಿದ್ದು ಗುಮಾಸ್ತೆಯ ಹೆಗಲ ಮೂಳೆ. ಆದ್ರೂ ಅವಳಿಗೆ ಖುಷಿಯೋ ಖುಷಿ, ಸಾಕ್ಷಿ ಸಿಕ್ತು ಅಂತ. ಟಿವಿಯಲ್ಲಿ ನೋಡಿದ್ರೂ ಕಣ್ಣಲ್ಲೇ ತಾನೇ ನೋಡಿದ್ದು ಅಂತ ಸಾಹೇಬರೂ ಒಪ್ಪಿದ್ರು. ‘ಸ್ವೀಕೃತ’ ಅನ್ನೋ ಮೊಹರು ಹುಡುಕೋಕೇ ಎರಡು ದಿನ ಹಿಡೀತು.

ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಮಗು ಹಾರಿದಾಗ ಟಿವಿಯಲ್ಲಿ ಯಾವ ಕಾರ್ಯಕ್ರಮ ಬರುತ್ತಿತ್ತು? ಗುಮಾಸ್ತೆ ಪ್ರಾಮಾಣಿಕಳು. ಮಕ್ಕಳ ನೇರಪ್ರಸಾರ ಅಂತ ಬರೆದ್ಲು.

ಕಚೇರಿ ಅಂದೇ ಕಠಿಣ ಕ್ರಮ ಕೈಗೊಂಡು ಆ ಅಪಾಯಕಾರಿ ನೇರಪ್ರಸಾರವನ್ನು ನಿಷೇಧಿಸಿತು. ಖಾಲಿಯಾದ ಅರ್ಧ ಗಂಟೆಯನ್ನು ರೆಕ್ಕೆ ಅತ್ತೆಗೇ ಕೊಟ್ಟರು.

ಟ್ಯಾಂಕ್ ಸಂಚಿಕೆ ಬಂದ ದಿನ, ಮಕ್ಕಳ ಮೇಲೆ ಒಂದು ಕಣ್ಣಿರಲಿ ಅಂತ ಕಟ್ಟಡದವರೆಲ್ಲ ಸೇರಿ ಟಿವಿಯನ್ನ ತಾರಸಿ ಮೇಲೇ ಇಟ್ರು. ಬಿಸಿಲು ಬೀಳದ ಹಾಗೆ ಕುರ್ಚಿಗಳನ್ನ ಟ್ಯಾಂಕಿಗೆ ಬೆನ್ನು ಮಾಡಿ ಹಾಕಿದ್ರು. ಹೆಗಲಿಗೆ ಪಟ್ಟಿ ಕಟ್ಕೊಂಡ ಗುಮಾಸ್ತೆಗೆ ಮೊದಲ ಸಾಲಲ್ಲೇ ಜಾಗ ಬಿಟ್ಟಿದ್ರು. ಹಿಂದೆ ಮಕ್ಕಳೆಲ್ಲ ಬೆಡ್‌ಶೀಟ್ ಹಿಡ್ಕೊಂಡು ಏಣಿ ಹತ್ರ ಸಾಲಾಗಿ, ತಳ್ಳಾಡದೆ ನಿಂತಿದ್ರು. ಈ ಕಾಲದ ಮಕ್ಕಳಲ್ಲಿ ಇಷ್ಟು ಶಿಸ್ತು ಇದೆಯಲ್ಲ ಅಂತ ವಿಶೇಷ ಅತಿಥಿಯಾಗಿ ಬಂದಿದ್ದ ಸಾಹೇಬರು ಹಿಂದೆ ತಿರುಗದೇ ಮೆಚ್ಚಿಕೊಂಡ್ರು.